ಗಡಿಬಿಡಿ ಮತ್ತು ಅತ್ತಿಗೆಯ ನಗು

ಅಪ್ಪ ಅಮ್ಮ ಇಟ್ಟ ಹೆಸರೊಂದು ಅವನಿಗೂ ಇತ್ತು. ಅದು ಬೇಕಾಗುತ್ತಿದ್ದದ್ದು ಬ್ಯಾಂಕಿನವರಿಗೆ ಮತ್ತು ವಿದ್ಯುತ್ ಬಿಲ್ಲಿಗೆ ಮಾತ್ರ. ಮಿಕ್ಕವರಿಗೆಲ್ಲ ಅವನು ಗಡಿಬಿಡಿ.

ಆ ಹೆಸರಿಟ್ಟವಳು ಅತ್ತಿಗೆ. ಅವಳು ಅಣ್ಣನನ್ನು ಮದುವೆಯಾಗಿ ಮನೆಗೆ ಬಂದಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ತಾಯಿ ಇರಲಿಲ್ಲ. ಅವಳು ಬಂದ ಮರುದಿನ ಬೆಳಿಗ್ಗೆ ಅವನು ಅಂಗಿಯನ್ನು ತಿರುವುಮುರುವಾಗಿ ತೊಟ್ಟು, ಒಂದು ಕಾಲಿಗೆ ತನ್ನ ಬೂಟು, ಇನ್ನೊಂದಕ್ಕೆ ಅಣ್ಣನ ಬೂಟು ಹಾಕಿಕೊಂಡು ಬೀದಿಗಿಳಿದೇ ಬಿಟ್ಟಿದ್ದ. ಹೊಸ ಸೊಸೆ ಮೆತ್ತಗೆ ಮಾತಾಡಬೇಕೆಂಬ ಯೋಚನೆಯೇ ಇಲ್ಲದೆ ಅತ್ತಿಗೆ ಬಾಗಿಲಲ್ಲಿ ನಿಂತು ಕೂಗಿದಳು: "ಏನಪ್ಪಾ ಗಡಿಬಿಡಿ, ಒಂದು ಕಾಲು ಶಾಲೆಗೆ, ಇನ್ನೊಂದು ಕಾಲು ನಿಮ್ಮಣ್ಣನ ಕೆಲಸಕ್ಕಾ?" ಬೀದಿಯ ಅಷ್ಟೂ ಮನೆಯವರು ನಕ್ಕರು. ಹೆಸರು ಅಲ್ಲೇ ಅಂಟಿಕೊಂಡಿತು.

ಅಂಟಿಕೊಳ್ಳಲು ಕಾರಣವೂ ಇತ್ತೆನ್ನಿ. ತಿಂಗಳು ತುಂಬುವ ಮೊದಲೇ ಹುಟ್ಟಿದವನು ಅವನು. ಪರೀಕ್ಷೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಬರುತ್ತಿದ್ದ, ಒಂದು ಪುಟ ತಿರುಗಿಸುವುದನ್ನೇ ಮರೆತು. ಎದುರಿಗಿರುವವರ ಮಾತನ್ನು ಅವರೇ ಮುಗಿಸಲು ಬಿಟ್ಟವನಲ್ಲ. ಹರೆಯದಲ್ಲಿ ಒಬ್ಬಳ ಜೊತೆ ಓಡಾಟವಿತ್ತು. ಅವಳು ಒಂದು ಸಂಜೆ, "ನಂಗನ್ಸುತ್ತೆ, ನಾವಿಬ್ರೂ..." ಎಂದು ಶುರುಮಾಡಿದಳು. "ಬೇಗ ಮದುವೆ ಆಗ್ಬೇಕು, ಅಲ್ವಾ?" ಎಂದು ಇವನೇ ಮುಗಿಸಿದ. ಅವಳು ಹೇಳಹೊರಟದ್ದು ಅದಕ್ಕೆ ತದ್ವಿರುದ್ಧವಾಗಿತ್ತು. ಆಮೇಲೆ ಮದುವೆಯ ಸುದ್ದಿಗೇ ಹೋಗದೆ ಅಣ್ಣನ ಮನೆಯ ಮೇಲಿನ ಕೋಣೆಯಲ್ಲೇ ಉಳಿದುಬಿಟ್ಟ.

ಇಂಥವನಿಗೆ ದಕ್ಕಿದ ಕಸುಬೂ ಇವನಿಗೆ ತಕ್ಕದ್ದೇ. ಪೇಟೆಯಲ್ಲಿ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಅವನ ಕಂಪ್ಯೂಟರ್ ರಿಪೇರಿಯ ಅಂಗಡಿ. ಮೆಟ್ಟಿಲು ಹತ್ತುವಾಗ ಕೆಳಗಿನ ಅಂಗಡಿಯ ಗೋಂದು, ರಬ್ಬರಿನ ವಾಸನೆ ಜೊತೆಗೇ ಹತ್ತಿ ಬರುತ್ತಿತ್ತು. ಒಳಗೆ ಉದ್ದನೆಯ ಮೇಜು, ಅದರ ಮೇಲೆ ಮುಚ್ಚಳ ಬಿಚ್ಚಿಸಿಕೊಂಡು ಮಲಗಿದ ಪೆಟ್ಟಿಗೆಗಳು, ಅವುಗಳ ಕಡೆಗೆ ಮುಖ ಮಾಡಿ ತಿರುಗುವ ಒಂದು ಮೇಜುಫ್ಯಾನು. ಫ್ಯಾನಿನ ಗಾಳಿ ಕಂಪ್ಯೂಟರಿಗೇ ಹೊರತು ಮನುಷ್ಯರಿಗಲ್ಲ ಎಂಬುದು ಅಲ್ಲಿಯ ಕಾಯಿದೆ. ಕೆಟ್ಟದ್ದನ್ನು ಸರಿಮಾಡುವವರು ಪೇಟೆಯಲ್ಲಿ ಬೇರೆಯವರೂ ಇದ್ದರು. ಕೆಡದೇ ಇರುವುದನ್ನು ಇನ್ನಷ್ಟು ಓಡಿಸುವುದರಲ್ಲಿ ಇವನನ್ನು ಬಿಟ್ಟರಿಲ್ಲ. ಗೇಮ್ ಆಡುವವರು, ವಿಡಿಯೋ ಕತ್ತರಿಸಿ ಅಂಟಿಸುವವರು ದೂರದಿಂದ ಪೆಟ್ಟಿಗೆ ಹೊತ್ತು ಬರುತ್ತಿದ್ದರು, ಮೆಮೊರಿಯ ಟೈಮಿಂಗ್ ಬಿಗಿ ಮಾಡಿಸಿಕೊಳ್ಳಲು.

ಟೈಮಿಂಗ್ ಎಂದರೆ ಏನೆಂದು ಯಾರಾದರೂ ಕೇಳಿದರೆ ಅವನು ಔಷಧಿ ಅಂಗಡಿಯ ಲೆಕ್ಕದಲ್ಲಿ ವಿವರಿಸುತ್ತಿದ್ದ. ನೀವು ಮಾತ್ರೆ ಕೇಳುತ್ತೀರಿ. ಅಂಗಡಿಯವನು ಸರಿಯಾದ ಕಪಾಟಿಗೆ ಹೋಗಬೇಕು, ಸರಿಯಾದ ಖಾನೆ ಎಳೆಯಬೇಕು, ಮಾತ್ರೆ ತೆಗೆದು ಕೊಡಬೇಕು, ಇನ್ನೊಂದು ಖಾನೆ ಎಳೆಯುವ ಮೊದಲು ಇದನ್ನು ಮುಚ್ಚಬೇಕು. ಪ್ರೊಸೆಸರ್ ಕೇಳಿದ್ದನ್ನು ಮೆಮೊರಿ ಕೊಡುವುದೂ ಹೀಗೆಯೇ, ಮತ್ತು ಈ ಒಂದೊಂದು ಕೆಲಸಕ್ಕೂ ಇಷ್ಟು ಹೊತ್ತು ಕಾಯಬೇಕೆಂದು ಒಂದು ಅಂಕಿ ಇರುತ್ತದೆ. ತಯಾರಿಸಿದವರು ಆ ಅಂಕಿಗಳನ್ನು ಸಡಿಲವಾಗಿ ಇಟ್ಟಿರುತ್ತಾರೆ, ಎಂಥ ಸೋಮಾರಿ ಚಿಪ್ಪಿಗೂ ನಿಭಾಯಿಸಲು ಆಗಲಿ ಎಂದು. ಗಡಿಬಿಡಿ ಅವನ್ನು ಒಂದೊಂದಾಗಿ ಇಳಿಸುತ್ತಿದ್ದ. ಇಳಿಸುವುದು, ಪರೀಕ್ಷೆ ಓಡಿಸುವುದು, ತಪ್ಪು ಬಂದರೆ ಒಂದು ಹೆಜ್ಜೆ ಹಿಂದೆ. ಇಷ್ಟೇ ಕೆಲಸ. ಆದರೆ ಯಾವ ಅಂಕಿಯ ಮೇಲೆ ಎಷ್ಟು ಒತ್ತಬಹುದೆಂಬ ಹದ ಅವನ ಕೈಗೆ ಬಂದುಬಿಟ್ಟಿತ್ತು.

ಇನ್ನೂ ಒಂದು ಸಂಗತಿಯಿದೆ, ಇದನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮೆಮೊರಿ ತನ್ನಷ್ಟಕ್ಕೆ ತಾನೇ ಮರೆಯುತ್ತಿರುತ್ತದೆ. ಅದರೊಳಗಿನ ಒಂದೊಂದು ಚುಕ್ಕೆ ವಿದ್ಯುತ್ತೂ ಸೋರಿಹೋಗುತ್ತಿರುತ್ತದೆ. ಹಾಗಾಗಿ ಅದು ಆಗಾಗ ಎಲ್ಲ ಕೆಲಸ ನಿಲ್ಲಿಸಿ, ತನ್ನಲ್ಲಿರುವುದನ್ನೆಲ್ಲ ಮತ್ತೊಮ್ಮೆ ತನಗೇ ಬರೆದುಕೊಳ್ಳಬೇಕು. ಆ ಬಿಡುವಿನಲ್ಲಿ ಏನು ಕೇಳಿದರೂ ಉತ್ತರವಿಲ್ಲ. ಈ ಬಿಡುವನ್ನು ಕಂಡರೆ ಗಡಿಬಿಡಿಗೆ ಆಗುತ್ತಿರಲಿಲ್ಲ. "ಕೆಲಸದ ಮಧ್ಯೆ ನಿದ್ದೆ ಹೊಡೆಯೋದು" ಎಂದು ಬಯ್ಯುತ್ತಿದ್ದ. ಎರಡು ಬಿಡುವುಗಳ ನಡುವಿನ ಅಂತರವನ್ನು ಆದಷ್ಟು ಎಳೆದು ಉದ್ದ ಮಾಡುವುದೇ ಅವನ ಕೈಚಳಕ. ತಂಪಾಗಿದ್ದರೆ ಚಿಪ್ಪು ತಡೆದುಕೊಳ್ಳುತ್ತದೆ. ಬಿಸಿಯಾದರೆ ಸೋರುವುದು ಹೆಚ್ಚುತ್ತದೆ. ಇದು ಅವನಿಗೆ ಗೊತ್ತಿಲ್ಲದ ವಿಷಯವೇನಲ್ಲ.

ಇನ್ನು ಅತ್ತಿಗೆ. ಅವಳು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಫೋನು ಎತ್ತುವ ಕೆಲಸದಲ್ಲಿದ್ದಳು. ಊರಿಗೆ ಊರೇ ಸಿಟ್ಟಿನಲ್ಲಿ ಫೋನು ಮಾಡುವ ಜಾಗ ಅದು. "ಏನಮ್ಮಾ ಇದು, ನಲ್ಲೀಲಿ ಬರೀ ಗಾಳಿ ಬರ್ತಿದೆ!" ಎಂದು ಒಬ್ಬ ಅರಚಿದರೆ ಇವಳು, "ಗಾಳಿಗೆ ನಾವು ಬಿಲ್ ಹಾಕಲ್ಲ ಸಾರ್, ಆರಾಮಾಗಿ ತಗೊಳ್ಳಿ. ನೀರು ಸಂಜೆಗೆ ಬರುತ್ತೆ" ಎನ್ನುವಳು. ಬಯ್ಯಲು ಬಂದವರು ನಕ್ಕು ಫೋನಿಡುತ್ತಿದ್ದರು. ಮನೆಯಲ್ಲಂತೂ ಕೇಳುವುದೇ ಬೇಡ. ಅಣ್ಣ ಟೈಲ್ಸ್ ಹಾಕುವ ಮೇಸ್ತ್ರಿ, ಮಾತಿನಲ್ಲೂ ನಡೆಯಲ್ಲೂ ನಿಧಾನ. ಅವರಿಬ್ಬರ ಮಗಳು ಮತ್ತು ಗಡಿಬಿಡಿ ಬಾಯಿ ತೆರೆದರೆ ನಿಲ್ಲಿಸುವವರಲ್ಲ. ಈ ಮೂವರ ನಡುವೆ ಅತ್ತಿಗೆಯ ಮಾತು ಸರಿಯಾದ ಹೊತ್ತಿಗೆ, ಸರಿಯಾದ ಜಾಗಕ್ಕೆ ಬಂದು ಬೀಳುತ್ತಿತ್ತು. ಊಟದ ಹೊತ್ತಿನಲ್ಲಿ ಅವಳ ಬಾಯಿಗೆ ಸಿಕ್ಕವನು ಮರುದಿನದವರೆಗೂ ಚೇತರಿಸಿಕೊಳ್ಳುತ್ತಿರಲಿಲ್ಲ.

ಅಂಥವಳ ಗಂಟಲಿನಲ್ಲೇ ಗಡ್ಡೆ ಎದ್ದಿತು. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆ ತೆಗೆಯಲೇಬೇಕೆಂದು ಡಾಕ್ಟರು ಹೇಳಿದಾಗ ಅಣ್ಣ ಆಸ್ಪತ್ರೆಯ ನೆಲದ ಟೈಲ್ಸನ್ನೇ ನೋಡುತ್ತ ನಿಂತುಬಿಟ್ಟ. ಅತ್ತಿಗೆ ಮಾತ್ರ, "ದೂರು ಕೊಡೋಣ ಅಂದ್ರೆ ಆ ವಿಭಾಗದಲ್ಲಿ ಇರೋಳೂ ನಾನೇ" ಎಂದಳು.

ಆಪರೇಷನ್ನಿಗೆ ಮೊದಲು ಅವಳ ದನಿಯನ್ನು ಕಂಪ್ಯೂಟರಿಗೆ ತುಂಬಿಕೊಳ್ಳಬಹುದು, ಆಮೇಲೆ ಅವಳು ಟೈಪ್ ಮಾಡಿದ್ದನ್ನು ಯಂತ್ರ ಅವಳದೇ ದನಿಯಲ್ಲಿ ಹೇಳುತ್ತದೆ ಎಂದು ಪತ್ತೆ ಹಚ್ಚಿದವನು ಗಡಿಬಿಡಿ. ಅಂಗಡಿಯ ಶಟರ್ ಅರ್ಧ ಎಳೆದು, ಮೇಜುಫ್ಯಾನು ನಿಲ್ಲಿಸಿ, ಅವಳನ್ನು ಮೈಕಿನ ಮುಂದೆ ಕೂರಿಸಿದ. ಪಾಪ, ನೋಯುವ ಗಂಟಲಿನಲ್ಲಿ ಒಂದು ಬೆಳಗಿಡೀ ಅವಳು ವಾಕ್ಯದ ಮೇಲೆ ವಾಕ್ಯ ಓದಿದಳು. ಮಧ್ಯಾಹ್ನ ಕೇಳಿ ನೋಡೋಣವೆಂದು ಹೋದರೆ ಏನೂ ಇಲ್ಲ. ಗಡಿಬಿಡಿ ಮೈಕಿನ ಸ್ವಿಚ್ಚನ್ನೇ ಹಾಕಿರಲಿಲ್ಲ.

ಅವನ ಮುಖದ ಬಣ್ಣ ಇಳಿದುಹೋಯಿತು. ನಾಲಿಗೆ ಕಚ್ಚಿಕೊಂಡು ಸ್ವಿಚ್ಚು ಒತ್ತಿ, ತಲೆಯೆತ್ತಿ ಅತ್ತಿಗೆಯನ್ನು ನೋಡಿದ. ಅವಳು ಅವನ ಮುಖ ನೋಡಿದಳು, ಸ್ವಿಚ್ಚು ನೋಡಿದಳು, ನಗಲು ಶುರುಮಾಡಿದಳು. ಮೊದಲು ಮೂಗಿನಲ್ಲಿ, ಆಮೇಲೆ ಎದೆಯಲ್ಲಿ, ಕೊನೆಗೆ ಹೊಟ್ಟೆ ಹಿಡಿದುಕೊಂಡು, ಉಸಿರು ಸಿಕ್ಕಿಹಾಕಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಆ ಮೈಕು ಹಿಡಿದ ಅವಳ ಮೊದಲ ಸದ್ದು ಅದು. ಆಮೇಲೆ ಅಷ್ಟೂ ವಾಕ್ಯಗಳನ್ನು ಮತ್ತೆ ಓದಿದಳು. ಹೊರಡುವಾಗ, "ಆ ನಗು ಅಳಿಸ್ಬೇಡ ಕಣೋ. ಯಂತ್ರ ಮಾತಾಡ್ಬಹುದು, ನಗೋಕೆ ಅದಕ್ಕೆ ಯಾರು ಹೇಳ್ಕೊಡ್ತಾರೆ?" ಎಂದಳು.

ಅವನು ಅಳಿಸಲಿಲ್ಲ. ಮನೆಯ ಕಂಪ್ಯೂಟರಿನ ಕೀಬೋರ್ಡಿನ ಮೂಲೆಯ ಒಂದು ಕೀಲಿಗೆ ಆ ನಗುವನ್ನು ಕಟ್ಟಿದ. ಆ ಕೀಲಿಯ ಮೇಲೆ ಮಗಳು ಕೆಂಪು ಉಗುರುಬಣ್ಣದ ಚುಕ್ಕೆಯಿಟ್ಟಳು.

ಆಪರೇಷನ್ ಆಯಿತು. ಅತ್ತಿಗೆ ಮನೆಗೆ ಬಂದಳು. ಊಟದ ಮೇಜಿನ ಅವಳ ಬದಿಯಲ್ಲಿ ಕೀಬೋರ್ಡು, ಪಕ್ಕದ ಗೋಡೆಯ ಗೂಡಿನಲ್ಲಿ ಪೆಟ್ಟಿಗೆ, ಆ ಗೋಡೆಯ ಆಚೆಗೆ ಒಲೆ. ದನಿ ಅವಳದೇ. ತೊಂದರೆಯಿದ್ದದ್ದು ಹೊತ್ತಿನದು. ಅವಳು ಟೈಪ್ ಮಾಡಬೇಕು, ಯಂತ್ರ ಯೋಚಿಸಬೇಕು, ಆಮೇಲೆ ಹೇಳಬೇಕು. ಅಷ್ಟರಲ್ಲಿ ಮಾತು ಎಲ್ಲೋ ಹೋಗಿರುತ್ತಿತ್ತು.

ಒಂದು ದಿನ ಅಣ್ಣ ಒಬ್ಬ ಗಿರಾಕಿಯ ಕಥೆ ಹೇಳುತ್ತಿದ್ದ. ತನ್ನ ಮುಖ ಕಾಣುವಷ್ಟು ಹೊಳೆಯುವ ನೆಲ ಬೇಕೆಂದು ಆ ಮನುಷ್ಯ ಪಟ್ಟು ಹಿಡಿದಿದ್ದನಂತೆ. ಅತ್ತಿಗೆಯ ಬೆರಳುಗಳು ಕೀಲಿಗಳ ಮೇಲೆ ಓಡತೊಡಗಿದವು, ತುಟಿಯಂಚಿನಲ್ಲಿ ಹಳೆಯ ತುಂಟತನವಿತ್ತು. ಅಷ್ಟರಲ್ಲಿ ಮಗಳು ಮಾತು ತಿರುಗಿಸಿ, ಜೊತೆಯಲ್ಲಿ ಕೆಲಸ ಮಾಡುವ ಗೆಳತಿಯ ತಾಯಿ ಬೆಳಿಗ್ಗೆ ತೀರಿಕೊಂಡರೆಂದು ಹೇಳಿದಳು. ಎಲ್ಲರೂ ಅಯ್ಯೋ ಎನ್ನುವ ಹೊತ್ತಿಗೆ ಸರಿಯಾಗಿ ಯಂತ್ರ ಬಾಯಿಬಿಟ್ಟಿತು: "ಆ ಮುಖಕ್ಕೆ ಹೊಳಪು ಯಾಕೆ? ಒರಟು ಕಲ್ಲು ಸಾಕು ಅನ್ನಿ."

ಯಾರೂ ನಗಲಿಲ್ಲ. ಅತ್ತಿಗೆ ಎರಡೂ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಅಂದಿನಿಂದ ಅವಳ ಮಾತು ಸಣ್ಣದಾಗುತ್ತ ಬಂತು. "ಉಪ್ಪು." "ಸಾಕು." "ಹೂಂ." ಕೊನೆಕೊನೆಗೆ ಕೆಂಪು ಚುಕ್ಕೆಯ ಕೀಲಿಯೊಂದೇ ಉಳಿಯಿತು. ಅದಕ್ಕೆ ಟೈಪ್ ಮಾಡಬೇಕಿಲ್ಲ, ಒತ್ತಿದರೆ ತಕ್ಷಣ ನಗು. ಬೇರೆಯವರ ತಮಾಷೆಗೆ ಸರಿಯಾದ ಹೊತ್ತಿಗೆ ನಗುವುದಷ್ಟೇ ಅವಳ ಪಾಲಿಗೆ ಬಂತು. ನಗಿಸುತ್ತಿದ್ದವಳಿಗೆ ಇದೆಂಥ ಶಿಕ್ಷೆಯೆಂದು ಗಡಿಬಿಡಿಗೆ ಅರ್ಥವಾಯಿತು. 

ಅರ್ಥವಾದ ಮೇಲೆ ಸುಮ್ಮನಿರುವ ಜಾಯಮಾನ ಅವನದಲ್ಲ. ನಿಜ ಹೇಳಬೇಕೆಂದರೆ ತಡದಲ್ಲಿ ದೊಡ್ಡ ಪಾಲು ಅವಳ ಬೆರಳುಗಳದು. ಯಂತ್ರದ ಪಾಲು ಸಣ್ಣದು. ಆದರೆ ಅವನ ಸ್ಕ್ರೂಡ್ರೈವರಿಗೆ ಸಿಗುತ್ತಿದ್ದದ್ದು ಯಂತ್ರ ಮಾತ್ರ. ಪೆಟ್ಟಿಗೆಯನ್ನು ಎತ್ತಿಕೊಂಡು ಅಂಗಡಿಗೆ ಹೋದ.

ಆ ಕೆಲಸವನ್ನು ಅವನು ಮಾಡಿದ ರೀತಿಯನ್ನು ಹೊಗಳದೆ ಇರಲಾಗದು. ದನಿ ಕಟ್ಟುವ ಆ ಪ್ರೋಗ್ರಾಮು ಮೆಮೊರಿಯಿಂದ ರಾಶಿಗಟ್ಟಲೆ ಅಂಕಿಗಳನ್ನು ಎಳೆಯುತ್ತಿತ್ತು, ಹಾಗಾಗಿ ಮೆಮೊರಿ ಚುರುಕಾದಷ್ಟೂ ಮಾತು ಚುರುಕು. ಮೊದಲು ವೇಗ ಏರಿಸಿದ. ಆಮೇಲೆ ಮೊದಲ ಅಂಕಿ, ಅಂದರೆ ಮಾತ್ರೆ ತೆಗೆದುಕೊಡುವ ಹೊತ್ತು, ಇಪ್ಪತ್ತೆರಡು ಇದ್ದದ್ದನ್ನು ಒಂದೊಂದಾಗಿ ಇಳಿಸಿ ಹದಿನಾರಕ್ಕೆ ತಂದ. ಖಾನೆ ಎಳೆಯುವ ಹೊತ್ತು, ಮುಚ್ಚುವ ಹೊತ್ತು, ಎಲ್ಲವನ್ನೂ ಬಿಗಿ ಮಾಡಿದ. ಕೊನೆಯಲ್ಲಿ ಆ ಬಿಡುವಿನ ಅಂತರವನ್ನು ಎಳೆದ, ಇನ್ನೂ ಎಳೆದ, ಬೋರ್ಡು ಎಷ್ಟಕ್ಕೆ ಒಪ್ಪುತ್ತದೋ ಅಷ್ಟಕ್ಕೂ ಎಳೆದ. ಬೆಳಗಿನಿಂದ ಸಂಜೆವರೆಗೆ ಪರೀಕ್ಷೆ ಓಡಿತು. ಒಂದೇ ಒಂದು ತಪ್ಪಿಲ್ಲ. ಇರುವುದಾದರೂ ಹೇಗೆ? ಪೆಟ್ಟಿಗೆಯ ಮುಚ್ಚಳ ತೆರೆದಿತ್ತು, ಚಳಿಗಾಲ ಇನ್ನೂ ಮುಗಿದಿರಲಿಲ್ಲ, ಮೇಜುಫ್ಯಾನು ಭರ್ರೆಂದು ತಿರುಗುತ್ತಿತ್ತು.

ಸಂಜೆ ಮುಚ್ಚಳ ಹಾಕಿ, ಮನೆಗೆ ತಂದು, ಒಲೆಯ ಬೆನ್ನಿಗಿರುವ ಗೂಡಿನೊಳಗೆ ತಳ್ಳಿದ.

ಆ ವಾರದ ಸಂತೋಷವನ್ನು ಕೇಳಬೇಡಿ. ಮಗಳು ಕೂದಲು ಕತ್ತರಿಸಿಕೊಂಡು ಬಂದು, "ಅಮ್ಮಾ, ಹೇಗಿದೆ?" ಎಂದಳು. ಅತ್ತಿಗೆಯ ಬೆರಳು ಓಡಿತು, ಕೊನೆಯ ಕೀಲಿ ಒತ್ತಿದ್ದೇ ತಡ, "ಕತ್ತರಿ ಯಾರದ್ದು, ಚಿಕ್ಕಪ್ಪಂದಾ?" ಎಂದು ಮಾತು ಬಂದು ಬಿತ್ತು. ಮಗಳು ತಟ್ಟೆಯ ಮೇಲೆ ಬಗ್ಗಿ ನಕ್ಕಳು. ಅತ್ತಿಗೆ ಕೆಂಪು ಚುಕ್ಕೆ ಒತ್ತಿದಳು. ಗಡಿಬಿಡಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ನೋಡಿದ್ಯಾ ಅಣ್ಣಾ? ಬಾಣ ಬಿಟ್ಟ ಹಾಗೆ ಬಂತಲ್ಲ!"

ಅಣ್ಣ ಕೈಯಲ್ಲಿದ್ದ ನೀರಿನ ಲೋಟವನ್ನು ಈಗಷ್ಟೇ ಬಾಯಿಗೆ ಮುಟ್ಟಿಸುತ್ತಿದ್ದ. "ಒಳ್ಳೇದಾಯ್ತು ಬಿಡು. ಆದ್ರೂ ಅಷ್ಟು ಬೇಗ ಯಾಕೆ?" ಎಂದ. ಅಣ್ಣನ ಮಾತೆಂದರೆ ಹೀಗೇ. ನೆಲ ಒಣಗುವ ಮೊದಲು ಯಾರಾದರೂ ಕಾಲಿಟ್ಟರೆ ಮಾತ್ರ ಅವನಿಗೆ ಸಿಟ್ಟು ಬರುತ್ತಿತ್ತು.

ಬಿಸಿಲು ಏರತೊಡಗಿತು. ಯಂತ್ರ ಆಗೊಮ್ಮೆ ಈಗೊಮ್ಮೆ ಒಂದು ಪದ ನುಂಗಿತು. ಗಡಿಬಿಡಿ ಪ್ರೋಗ್ರಾಮನ್ನು ಬಯ್ದ. ಒಲೆ ಹಚ್ಚಿದ ಹೊತ್ತಿನಲ್ಲೇ ಕಂಪ್ಯೂಟರು ಎರಡು ಮೂರು ಸಲ ತಾನಾಗಿ ಆರಿ ಮತ್ತೆ ಹತ್ತಿಕೊಂಡಿತು. ಗಡಿಬಿಡಿ ಹಾರ್ಡ್ ಡಿಸ್ಕನ್ನು ಬಯ್ದ. ತಾನು ಬಿಗಿ ಮಾಡಿದ ಮೆಮೊರಿಯ ಮೇಲೆ ಅವನಿಗೆ ಅನುಮಾನವೇ ಬರಲಿಲ್ಲ, ಏಕೆಂದರೆ ಅದನ್ನು ಅವನೇ ಪರೀಕ್ಷೆ ಮಾಡಿದ್ದ. ಈ ಕಸುಬಿನವರ ರೋಗ ಇದು. ತಮ್ಮ ಮೇಜಿನ ಮೇಲೆ ಪಾಸಾದದ್ದು ಲೋಕದಲ್ಲಿ ಎಲ್ಲೂ ಫೇಲಾಗದೆಂದು ತಿಳಿಯುತ್ತಾರೆ.

ಡಿಸ್ಕು ಸಾಯುವ ಮೊದಲು ಎಲ್ಲವನ್ನೂ ಉಳಿಸಿಕೊಳ್ಳಬೇಕೆಂದು ಹೊಸ ಡಿಸ್ಕು ತಂದ. ಮಧ್ಯಾಹ್ನದ ಅಡುಗೆ ನಡೆಯುತ್ತಿದ್ದಾಗಲೇ ಹಳೆಯದರಿಂದ ಹೊಸದಕ್ಕೆ ಎಲ್ಲವನ್ನೂ ನಕಲು ಮಾಡಿದ. ಮೇಜಿನ ಡ್ರಾಯರಿನಲ್ಲಿ ಜೋಪಾನವಾಗಿ ಇಟ್ಟಿದ್ದ ಇನ್ನೊಂದು ಡಿಸ್ಕಿನಲ್ಲೂ ಹಳೆಯ ಪ್ರತಿ ಅಳಿಸಿ ಹೊಸತನ್ನೇ ತುಂಬಿದ. ಹಳೆಯ ಡಿಸ್ಕನ್ನು ಅಂದೇ ಸಂಜೆ ಪೂರ್ತಿ ಒರೆಸಿ ಪಕ್ಕಕ್ಕೆಸೆದ. ಎಷ್ಟು ಚೊಕ್ಕ ಕೆಲಸ! ನಕಲಾಗುವ ಒಂದೊಂದು ಅಕ್ಷರವೂ ಡಿಸ್ಕಿನಿಂದ ಡಿಸ್ಕಿಗೆ ನೇರ ಹೋಗುವುದಿಲ್ಲ, ಮೆಮೊರಿಯ ಕೈದಾಟಿಯೇ ಹೋಗುತ್ತದೆ. ಬಿಡುವಿಲ್ಲದೆ, ಬಿಸಿಯಲ್ಲಿ ಬೆಂದು, ಅಲ್ಲಲ್ಲಿ ಮರೆಯುತ್ತಿದ್ದ ಮೆಮೊರಿ ಅದು.

ಆ ಸಂಜೆ ಊಟಕ್ಕೆ ಕುಳಿತಾಗ ಮಗಳು ಏನೋ ತಮಾಷೆ ಹೇಳಿದಳು. ಅತ್ತಿಗೆ ಕೆಂಪು ಚುಕ್ಕೆ ಒತ್ತಿದಳು. ನಗು ಮೂಗಿನಲ್ಲಿ ಶುರುವಾಯಿತು, ಎದೆಗೆ ಇಳಿಯಿತು, ಇನ್ನೇನು ಹೊಟ್ಟೆಗೆ ಇಳಿಯಬೇಕು, ಟಕ್ ಎಂದು ಕಡಿದುಹೋಯಿತು. ತಗಡು ಉಜ್ಜಿದಂಥ ಸದ್ದೊಂದು ಬಂತು. ಆಮೇಲೆ ಕೊನೆಯ ಒಂದು ಚೂರು, ಉಸಿರು ಸಿಕ್ಕಿಹಾಕಿಕೊಂಡದ್ದು, ಅಷ್ಟೇ.

ಅವಳು ಮತ್ತೆ ಒತ್ತಿದಳು. ಮತ್ತೆ ಅದೇ ಜಾಗದಲ್ಲಿ ಟಕ್.

ಗಡಿಬಿಡಿ ಎದ್ದ. ಗೂಡಿನ ಹತ್ತಿರ ಹೋಗಿ ಪೆಟ್ಟಿಗೆಯ ಮೇಲೆ ಕೈಯಿಟ್ಟ. ಸುಡುತ್ತಿತ್ತು. ಗೋಡೆ ಮುಟ್ಟಿದ. ಗೋಡೆಯೂ ಸುಡುತ್ತಿತ್ತು. ಎಲ್ಲವೂ ಒಂದೇ ಏಟಿಗೆ ತಿಳಿದುಹೋಯಿತು. ಬಾಯಿಂದ ಮಾತ್ರ, "ಸ್ಪೀಕರ್ ವಯರ್ ಸಡಿಲ ಇರ್ಬೇಕು ಅತ್ತಿಗೆ, ನಾಳೆ ನೋಡ್ತೀನಿ" ಎಂಬ ಸುಳ್ಳು ಬಂತು. ಅತ್ತಿಗೆ ಅವನ ಮುಖವನ್ನೇ ನೋಡುತ್ತಿದ್ದಳು. 

ಮರುದಿನ ಪೆಟ್ಟಿಗೆ ಮತ್ತೆ ಅಂಗಡಿಯ ಮೇಜಿನ ಮೇಲೆ. ಈ ಸಲ ಮುಚ್ಚಳ ಹಾಕಿಯೇ, ಫ್ಯಾನು ನಿಲ್ಲಿಸಿ, ಕಿಟಕಿಯ ಬಿಸಿಲಿಗೆ ಒಡ್ಡಿ ಪರೀಕ್ಷೆ ಓಡಿಸಿದ. ಪರದೆಯ ತುಂಬ ಕೆಂಪು ಸಾಲುಗಳು. ಒಂದು ಸಾಲಿಗೆ ಒಂದು ತಪ್ಪು. ಅವನು ಎಣಿಸಲು ಹೋಗಲಿಲ್ಲ.

ಮಾತಾಡುವ ದನಿಗೆ ಭಯವಿರಲಿಲ್ಲ, ಅದನ್ನು ಕಟ್ಟಿದ್ದು ಅಂಗಡಿಯ ಇನ್ನೊಂದು ಯಂತ್ರದಲ್ಲಿ, ಅಲ್ಲಿ ಪ್ರತಿ ಉಳಿದಿತ್ತು. ಓದಿದ ವಾಕ್ಯಗಳನ್ನಷ್ಟೇ ಅದಕ್ಕೆ ಹಾಕಿದ್ದರಿಂದ ನಗು ಮಾತ್ರ ಅಲ್ಲಿರಲಿಲ್ಲ. ಇದ್ದ ಮೂರು ಕಡೆಗಳಲ್ಲಿ ಒಂದನ್ನು ಒರೆಸಿದ್ದ, ಮಿಕ್ಕೆರಡಕ್ಕೆ ಮುರಿದದ್ದನ್ನೇ ತುಂಬಿದ್ದ. ಒರೆಸಿದ ಡಿಸ್ಕನ್ನು ಕೆದಕಿ ಕೆದಕಿ ನೋಡಿದ. ಕೆಲಸ ಅಷ್ಟು ಚೊಕ್ಕವಾಗಿತ್ತು, ಒಂದು ಚೂರೂ ಸಿಗಲಿಲ್ಲ. ಆ ನಗುವನ್ನು ಇನ್ನೊಮ್ಮೆ ನಗಿಸಿ ತುಂಬಿಕೊಳ್ಳೋಣವೆಂದರೆ ಅದು ಬಂದ ಗಂಟಲೇ ಈಗ ಇಲ್ಲ.

ಶಟರ್ ಅರ್ಧ ಎಳೆದು ಅವನು ಅತ್ತ. ಕೆಳಗೆ ಚಪ್ಪಲಿ ಅಂಗಡಿಯವನು ಯಾರಿಗೋ, "ಹಾಕ್ಕೊಂಡು ಸ್ವಲ್ಪ ನಡೆದು ನೋಡಿ, ಅವಸರ ಏನಿಲ್ಲ" ಎನ್ನುತ್ತಿದ್ದದ್ದು ಕೇಳಿಸುತ್ತಿತ್ತು.

ಆಮೇಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ತೇಪೆ ಹಾಕುವ ಕೆಲಸಕ್ಕೆ ಕೂತ. ಕಡಿದ ಜಾಗಕ್ಕೆ ಅವಳ ನಗುವಿನ ಬೇರೆ ಭಾಗದಿಂದಲೇ ಚೂರು ಕತ್ತರಿಸಿ ಸೇರಿಸಿದ, ಅಂಚು ಉಜ್ಜಿ ನುಣುಪು ಮಾಡಿದ. ಟಕ್ ಎಂಬುದು ಹೋಯಿತು. ಆದರೆ ಬಂದ ನಗು ಅಂಗಡಿಗೆ ಬಂದ ಗಿರಾಕಿಗೆ ಮಾಲೀಕನ ಹೆಂಡತಿ ನಗುವಂಥ ನಗು. ಅತ್ತಿಗೆ ಯಾವತ್ತೂ ಯಾರಿಗೂ ಹಾಗೆ ನಕ್ಕವಳಲ್ಲ.

ಕೊನೆಗೆ ಮೆಮೊರಿಯ ಎಲ್ಲ ಅಂಕಿಗಳನ್ನೂ ವಾಪಸ್ಸು ಸಡಿಲ ಮಾಡಿದ, ಮೊದಲಿಗಿಂತ ಒಂದು ಹಿಡಿ ಹೆಚ್ಚೇ. ಬಿಡುವಿನ ಅಂತರವನ್ನು ತಯಾರಿಸಿದವರು ಹೇಳಿದ್ದಕ್ಕಿಂತಲೂ ಕಡಿಮೆ ಮಾಡಿದ, ಮೆಮೊರಿ ಬೇಕಾದಷ್ಟು ಸಲ ನಿಂತು ನೆನಪು ಮಾಡಿಕೊಳ್ಳಲಿ ಎಂದು. ಮುಚ್ಚಳ ಹಾಕಿ ಬಿಸಿಲಿನಲ್ಲೇ ಮತ್ತೆ ಪರೀಕ್ಷೆಗೆ ಒಡ್ಡಿ, ಅದು ಮುಗಿಯುವವರೆಗೂ ಪಕ್ಕದಲ್ಲೇ ಸುಮ್ಮನೆ ಕೂತ. ಹಾಗೆ ಸುಮ್ಮನೆ ಕೂತದ್ದು ಅವನ ಜೀವಮಾನದಲ್ಲೇ ಮೊದಲು.

ಸಂಜೆ ಪೆಟ್ಟಿಗೆಯನ್ನು ಮನೆಗೆ ತಂದು, ಗೂಡಿಗೆ ತಳ್ಳದೆ, ಕಿಟಕಿಯ ಕೆಳಗಿನ ಸ್ಟೂಲಿನ ಮೇಲಿಟ್ಟ. ಮೂವರೂ ಊಟಕ್ಕೆ ಕೂತಿದ್ದರು. ಅವನು ಕೂರಲಿಲ್ಲ.

"ಅತ್ತಿಗೆ, ವಯರ್ ಸಡಿಲ ಆಗಿರ್ಲಿಲ್ಲ. ನಾನು ಸುಳ್ಳು ಹೇಳ್ದೆ. ನಿಮ್ಮ ನಗು ಹಾಳಾಗಿದೆ, ಹಾಳು ಮಾಡಿದ್ದು ನಾನೇ. ಬೇಗ ಆಗ್ಲಿ ಬೇಗ ಆಗ್ಲಿ ಅಂತ ಮೆಮೊರೀನ ಉಸಿರಾಡೋಕೂ ಬಿಡ್ಲಿಲ್ಲ. ಇದ್ದ ಪ್ರತಿನೆಲ್ಲಾ ನಾನೇ ಅಳಿಸಿ ಕೂತಿದೀನಿ. ಒಂದು ತೇಪೆ ಹಾಕಿದೀನಿ, ಕೇಳಿ. ಚೆನ್ನಾಗಿಲ್ಲ. ಇನ್ಮೇಲೆ ಮಾತೂ ತಡವಾಗೇ ಬರುತ್ತೆ. ನಾನು..." ಮುಂದಿನ ಮಾತು ಹೊರಡಲಿಲ್ಲ. ಯಾರೂ ಅದನ್ನು ಅವನ ಪರವಾಗಿ ಮುಗಿಸಲೂ ಇಲ್ಲ.

ಅತ್ತಿಗೆ ತೇಪೆಯ ನಗು ಹಾಕಿಸಿ ಕೇಳಿದಳು. ಮೂಗು ಮುರಿದಳು. ಮುರಿದ ನಗು ಹಾಕಿಸಿ ಕೇಳಿದಳು, ಕಣ್ಣು ಮುಚ್ಚಿಕೊಂಡು. ಆಮೇಲೆ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡಳು.

ಅವಳು ಟೈಪ್ ಮಾಡತೊಡಗಿದಳು. ಮೊದಲಾಗಿದ್ದರೆ ಗಡಿಬಿಡಿ ಅವಳ ಹೆಗಲ ಮೇಲಿಂದ ಪರದೆಗೆ ಇಣುಕಿ ಓದಿ, ಯಂತ್ರಕ್ಕಿಂತ ಮೊದಲೇ ಉತ್ತರ ಕೊಡುತ್ತಿದ್ದ. ಇಂದು ತಲೆಯೆತ್ತುವ ಧೈರ್ಯವಿಲ್ಲದೆ ಮೇಜನ್ನೇ ನೋಡುತ್ತ ನಿಂತ. ಹಾಗೆ ನೋಡುತ್ತಿದ್ದಾಗ ಅಣ್ಣನ ಕೈ ಕಣ್ಣಿಗೆ ಬಿತ್ತು. ಅಣ್ಣ ನೀರಿನ ಲೋಟವನ್ನು ಎತ್ತಿದವನು ಬಾಯಿಗೆ ಒಯ್ಯದೆ, ಕೆಳಗೂ ಇಡದೆ, ಗಾಳಿಯಲ್ಲಿ ಹಾಗೆಯೇ ಹಿಡಿದಿದ್ದ. ಕಣ್ಣು ಹೆಂಡತಿಯ ಬೆರಳುಗಳ ಮೇಲಿತ್ತು. ಅವಳ ಬೆರಳು ಆಡುವಷ್ಟು ಹೊತ್ತೂ ಲೋಟ ಅಲುಗಲಿಲ್ಲ.

ಅಣ್ಣ ದಿನಾ ಊಟದಿಂದ ಕೊನೆಗೆ ಏಳುವುದನ್ನು ಗಡಿಬಿಡಿ ನೋಡಿದ್ದ, ಅವನ ನಿಧಾನವನ್ನು ಆಡಿಕೊಂಡೂ ಇದ್ದ. ಆಪರೇಷನ್ ಆದಾಗಿನಿಂದ ಅಣ್ಣ ಉಣ್ಣುವುದಕ್ಕಿಂತ ಹೆಚ್ಚು ಹೊತ್ತು ಹೀಗೆ ಕಾಯುತ್ತ ಕೂತಿರುತ್ತಿದ್ದನೆಂಬುದು ಈಗ ಹೊಳೆಯಿತು. ಮೆಮೊರಿಯಲ್ಲಿ ಕೂದಲೆಳೆಯಷ್ಟು ಹೊತ್ತು ಉಳಿಸಲು ತಾನು ಹೆಣಗುತ್ತಿದ್ದಾಗ ಎದುರಿಗೇ ಕೂತ ಈ ಮನುಷ್ಯ ಅವಳಿಗೆ ಬೇಕಾದಷ್ಟು ಹೊತ್ತನ್ನು ಸುಮ್ಮನೆ ಕೊಡುತ್ತಿದ್ದ. ಗಡಿಬಿಡಿಗೆ ನಾಚಿಕೆಯಾಯಿತು. ಕುರ್ಚಿ ಎಳೆದು ಮೆಲ್ಲಗೆ ಕೂತ. ಮಗಳು ಏನೋ ಹೇಳಲು ಬಾಯಿ ತೆರೆದಾಗ ಬೇಡವೆಂದು ಕೈಸನ್ನೆ ಮಾಡಿದ.

ಕೊನೆಗೂ ಯಂತ್ರ ಮಾತಾಡಿತು. "ಪಾಪ, ಅದಕ್ಕೂ ಗಂಟಲು ಆಪರೇಷನ್ ಆಯ್ತು ಅಂತ ತಿಳ್ಕೋ. ನನಗೊಂದು ಜೊತೆ ಸಿಕ್ತು. ಆ ತೇಪೆಯವಳನ್ನ ಮನೆಯಿಂದ ಓಡ್ಸು, ಅವಳ್ಯಾರೋ ನಂಗೊತ್ತಿಲ್ಲ."

ಹೇಳಿ ಮುಗಿದದ್ದೇ ಅವಳು ಕೆಂಪು ಚುಕ್ಕೆ ಒತ್ತಿದಳು. ಮೂಗು, ಎದೆ, ಟಕ್, ತಗಡು, ಉಸಿರು. ಮೊದಲು ಮಗಳು ಫಕ್ಕನೆ ನಕ್ಕಳು. ಅಣ್ಣ ಲೋಟ ಕೆಳಗಿಟ್ಟು ನಕ್ಕ. ಅತ್ತಿಗೆಯ ಭುಜಗಳು ಸದ್ದಿಲ್ಲದೆ ಕುಣಿಯುತ್ತಿದ್ದವು. ಗಡಿಬಿಡಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಗುತ್ತಿದ್ದನೋ ಅಳುತ್ತಿದ್ದನೋ ಅವನಿಗೇ ತಿಳಿಯಲಿಲ್ಲ.

ಈಗಲೂ ಅವನು ಅದೇ ಮಹಡಿಯ ಮೇಲೆ ಅದೇ ಕೆಲಸ ಮಾಡುತ್ತಾನೆ. ಮೆಮೊರಿ ಬಿಗಿ ಮಾಡಿಕೊಡುತ್ತಾನೆ, ಆದರೆ ಮುಚ್ಚಳ ಹಾಕಿ, ಫ್ಯಾನು ನಿಲ್ಲಿಸಿ ಪರೀಕ್ಷೆ ಮಾಡುತ್ತಾನೆ. ಬಿಡುವಿನ ಅಂಕಿಯನ್ನು ಮುಟ್ಟುವುದಿಲ್ಲ. ಗಿರಾಕಿಗಳು ಹಟ ಹಿಡಿದರೆ, "ಅದನ್ನ ಮಾತ್ರ ಕೇಳ್ಬೇಡಿ" ಎನ್ನುತ್ತಾನೆ. ಫ್ಯಾನು ಈಗ ಮನುಷ್ಯರ ಕಡೆಗೆ ತಿರುಗಿದೆ. ಅವಸರ ಪೂರ್ತಿ ಬಿಟ್ಟುಹೋಗಿದೆಯೆಂದರೆ ಸುಳ್ಳಾದೀತು, ಮೊನ್ನೆಯಷ್ಟೇ ಎರಡು ಬಣ್ಣದ ಕಾಲುಚೀಲ ಹಾಕಿಕೊಂಡು ಹೋಗಿದ್ದ.

ಊಟದ ಮೇಜಿನಲ್ಲಿ ಮಾತ್ರ ಒಂದು ಹೊಸ ರೂಢಿ ಬಂದಿದೆ, ಯಾರೂ ಹೇಳಿ ಮಾಡಿದ್ದಲ್ಲ. ಅತ್ತಿಗೆಯ ಕೈ ಕೀಬೋರ್ಡಿಗೆ ಹೋದೊಡನೆ ಮಗಳು ಚಮಚ ಕೆಳಗಿಡುತ್ತಾಳೆ, ಅಣ್ಣನ ಲೋಟ ಗಾಳಿಯಲ್ಲಿ ನಿಲ್ಲುತ್ತದೆ, ಗಡಿಬಿಡಿ ತುತ್ತನ್ನು ಕೈಯಲ್ಲೇ ಹಿಡಿದು ಕಾಯುತ್ತಾನೆ. ಮೊನ್ನೆ ಅವಳು ಬಹಳ ಹೊತ್ತು ಟೈಪ್ ಮಾಡಿದಳು. ಅಳಿಸಿದಳು, ಮತ್ತೆ ಬರೆದಳು. ಏನೋ ಭಾರಿ ಮಾತೇ ಬರುತ್ತಿದೆಯೆಂದು ಮೂವರೂ ಉಸಿರು ಬಿಗಿಹಿಡಿದು ಕೂತರು. ಆಮೇಲೆ ಅವಳದೇ ದನಿ, ನಿಧಾನವಾಗಿ, ಒಂದು ಅಕ್ಷರವನ್ನೂ ನುಂಗದೆ ಹೇಳಿತು:

"ಏನಪ್ಪಾ ಗಡಿಬಿಡಿ, ಎಷ್ಟೊತ್ತು ಹಾಗೇ ಕೂತಿರ್ತೀಯ? ತುತ್ತು ಆರಿ ತಣ್ಣಗಾಯ್ತು, ತಿನ್ನೋ."